ಚಿನ್ನುವಿನ ಬಾಣಂತನ

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಜಯಲಕ್ಷ್ಮಮ್ಮನ ಕೈ ಗಕ್ಕನೆ ನಿಂತಿತು. ಮೂಲೆಕೋಣೆಯಿಂದ ಬರುತ್ತಿದ್ದ ಬೆಕ್ಕಿನ ಮರಿಗಳ ಕೂಗಿನಲ್ಲಿ ಒಂದು ಕಡಿಮೆಯಾಗಿತ್ತು.

ಎದ್ದು ಹೋಗಿ ನೋಡಿದಳು. ಬುಟ್ಟಿಯಲ್ಲಿದ್ದ ಎರಡು ಮರಿಗಳಲ್ಲಿ ಒಂದು ತಣ್ಣಗಾಗಿತ್ತು. ಮೊನ್ನೆ ಒಂದು, ನಿನ್ನೆ ಒಂದು, ಇವತ್ತು ಇದು. ನಾಲ್ಕರಲ್ಲಿ ಉಳಿದದ್ದು ಒಂದೇ. ಅದರ ಬಾಯಿ ಬಿಡಿಸಿದಳು. ಒಸಡು ಅರಿಶಿನ ಹಚ್ಚಿದ ಹಾಗಿತ್ತು.

ಆ ಹಳದಿಯ ಗುರುತು ಅವಳಿಗಿತ್ತು.

ತಾಯಿಬೆಕ್ಕು ಚಿನ್ನು ಬುಟ್ಟಿಯಲ್ಲಿರಲಿಲ್ಲ. ಅದು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮರಿಗಳನ್ನು ಕಚ್ಚಿಕೊಂಡು ಒಲೆಯ ಹಿಂದಿನ ಗೋಣಿಚೀಲಕ್ಕೆ ಅದು ಸಾಗಿಸುವುದು, ಇವಳು ಎತ್ತಿ ತಂದು ಮತ್ತೆ ಬುಟ್ಟಿಗೆ ಹಾಕುವುದು. ಐದು ದಿನದಿಂದ ಇದೇ ಆಗಿತ್ತು. ಬೆಕ್ಕಾದರೂ ಬಾಣಂತಿಯಲ್ಲವೇ, ಗೋಣಿಚೀಲದ ಮೇಲೆ ಬಿಡುವುದು ಹೇಗೆ?

"ಅದ್ರ ಕಣ್ಗೆ ಆ ಮೂಲೇಲಿ ಏನೋ ಕಾಣ್ತದೆ ಕಣಕ್ಕ," ಎಂದಳು ಪಕ್ಕದ ಮನೆಯ ದ್ಯಾವಮ್ಮ. ಡೈರಿಗೆ ಹಾಲು ಹಾಕಲು ಹೊರಟವಳು ಕ್ಯಾನು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. "ಎರಡ್ ಸೂಲಾಯ್ತು. ಒಂದಾರಾ ಉಳೀತಾ? ನಿಮ್ಮನೇಲಿ ಎಳೇವು ನಿಲ್ಲಾಕಿಲ್ಲ."

"ಬಾಯ್ಗೆ ಬಂದಂಗೆ ಮಾತಾಡ್ಬ್ಯಾಡ ದ್ಯಾವಿ."

"ನಾನೇನಂದೆ? ನಿನ್ ಸೊಸೆ ಇದ್ದಾಗ ಇದೇ ಬೆಕ್ಕು ಮೂರ್ ಮರಿ ಹಾಕ್ತು. ಮೂರೂ ನಮ್ಮನೆ ಹಾಲ್ ಕದ್ದು ಕುಡ್ದು ಗೂಳಿಯಂಗೆ ಬೆಳುದ್ವು. ಅವ್ಳು ಹೋದ್ಲು, ನಿಮ್ಮನೆ ಕಳೇನೂ ಹೋಯ್ತು."

ಸೊಸೆ ಭೂಮಿಕ ತಾಯಿಯಿಲ್ಲದ ಹುಡುಗಿ. ಚಿನ್ನುವನ್ನು ನಾಗಮಂಗಲದಿಂದ ಮಡಿಲಲ್ಲಿಟ್ಟುಕೊಂಡು ತಂದವಳು ಅವಳೇ. ಎರಡು ವರ್ಷದ ಹಿಂದೆ ಜಯಲಕ್ಷ್ಮಮ್ಮನೇ ಅವಳನ್ನು ಅಪ್ಪನ ಮನೆಗೆ ಕಳಿಸಿಬಿಟ್ಟಿದ್ದಳು. ಹೋಗುವಾಗ ಭೂಮಿಕ ಅಳಲಿಲ್ಲ, ಬೈಯಲಿಲ್ಲ. ಹೊಸಿಲ ಮೇಲೆ ನಿಂತು ಮೂಲೆಕೋಣೆಯ ಕಡೆ ಒಮ್ಮೆ ನೋಡಿದಳು, ಅಷ್ಟೆ. ಆ ನೋಟ ಇನ್ನೂ ಅಲ್ಲೇ ಕೂತಿದೆ ಎಂದು ಜಯಲಕ್ಷ್ಮಮ್ಮನಿಗೆ ಅನಿಸುತ್ತಿತ್ತು. ಮರಿಗಳಿಲ್ಲದ ದಿನಗಳಲ್ಲೂ, ಚಿನ್ನು ಹಿತ್ತಲ ಬಿಸಿಲಲ್ಲಿ ನಿದ್ದೆಹೋಗಿರುವಾಗಲೂ, ಆ ಕೋಣೆಯಿಂದ ಎಳೆಯ ಕೂಗೊಂದು ಕೇಳಿಸುತ್ತಿತ್ತು.

ಅಪ್ಪನ ಮನೆಗೆ ಹೋದ ಆರು ತಿಂಗಳಿಗೆ ಭೂಮಿಕ ಕಾಗದ ಬರೆದಿದ್ದಳು. "ಅತ್ತೆ, ನಾನು ಮಾಡಿದ ತಪ್ಪೇನು? ಒಂದು ಸಾಲು ಬರೆದು ತಿಳಿಸಿ." ಜಯಲಕ್ಷ್ಮಮ್ಮ ಇನ್‌ಲ್ಯಾಂಡ್ ತಂದು ವಿಳಾಸವನ್ನೂ ಬರೆದಿಟ್ಟಳು. ಒಳಗೆ ಬರೆಯಲು ಕೈ ಏಳಲಿಲ್ಲ. ಈಗ ಮಗನಿಗೆ ಶೀಳನೆರೆಯಿಂದ ಇನ್ನೊಂದು ಸಂಬಂಧ ಬಂದಿತ್ತು.

"ಆಗಾಕಿಲ್ಲ ಅಂತ ಬರ್ದಾಕ್ಬುಡವ್ವ," ಎಂದ ಅಕ್ಕಸಾಲಿ ಕೆಲಸದ ಮಗ ಮೌನೇಶ, ಬೆಸೆಯುತ್ತಿದ್ದ ಕಿವಿಯೋಲೆಯಿಂದ ತಲೆ ಎತ್ತದೆ. "ಅವಳ್ಗೂ ಒಂದು ದಾರಿಯಾಗ್ಲಿ. ಭಾನುವಾರ ಶೀಳನೆರೆಯೋರು ಬತ್ತಾವ್ರೆ."

ಈ ಮರಿಯೂ ಹೋದರೆ ತನಗೆ ಈ ಮನೆಯಲ್ಲಿ ಇರಲಾಗದು ಎನಿಸಿತು ಜಯಲಕ್ಷ್ಮಮ್ಮನಿಗೆ. ಬುಟ್ಟಿಯಲ್ಲಿ ಹಾಸಿದ್ದ ಬಟ್ಟೆಯಲ್ಲೇ ಮರಿಯನ್ನು ಸುತ್ತಿದಳು. ಚಿನ್ನುವನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು.

ದನದ ಆಸ್ಪತ್ರೆಯಲ್ಲಿದ್ದ ಡಾಕ್ಟರು ತನುಶ್ರೀ ಚಿಕ್ಕ ವಯಸ್ಸಿನವಳು. ಮರಿಯ ಕಣ್ಣು, ಒಸಡು ನೋಡಿದಳು.

"ಮನುಷ್ಯರ ಜ್ವರದ ಮಾತ್ರೆ ಏನಾದ್ರೂ ಕೊಟ್ರಾ ಅಮ್ಮ? ಅರ್ಧ ಮಾತ್ರೆಗೆ ದೊಡ್ಡ ಬೆಕ್ಕೇ ಸತ್ತುಹೋಗುತ್ತೆ."

"ಇಲ್ಲ."

"ಇಲಿಪಾಷಾಣ?"

"ಮನೇಲೇ ಇಲ್ಲ. ತಾಯಿ ಹಾಲು ಆಗ್ಬರ್ತಿಲ್ಲ ಡಾಕ್ಟ್ರೇ. ಹಾಲೇ ವಿಷ. ನಾನು ಕಂಡಿದ್ದೀನಿ. ತಾಯೀನೂ ಮರೀನ ಮಲಗ್ಸಿದ್ ಕಡೆ ಬಿಡದೆ ಎತ್ಕೊಂಡ್ ಓಡ್ತದೆ."

ತನುಶ್ರೀ ಚಿನ್ನುವಿನ ಹೊಟ್ಟೆ ತಡವಿ, ಮೊಲೆ ಹಿಂಡಿ ನೋಡಿದಳು. "ಹಾಲು ಚೆನ್ನಾಗಿದೆ." ಆಮೇಲೆ ಬಟ್ಟೆಯ ಹತ್ತಿರ ಮೂಗು ತಂದವಳು ಹಿಂದೆ ಸರಿದಳು. "ಇದೇನಮ್ಮ ಇದು?"

"ನಮ್ಮತ್ತೆ ಸೀರೆ. ಹುಟ್ಟಿದ್ದಕ್ಕೆ ಹೊಸ ಬಟ್ಟೆ ಮುಟ್ಟಿಸ್ತಾರಾ? ನುಸಿಗುಳಿಗೆ ಹಾಕಿ, ಟ್ರಂಕಲ್ಲಿ ಒಂದು ಹುಳ ಮುಟ್ಟದಂಗೆ ಮಡಗಿದ್ದೆ. ಬೆಣ್ಣೆಯಂಗದೆ, ನೋಡಿ."

"ದೊಡ್ಡವರಿಗೆ ನುಸಿಗುಳಿಗೆ ಬರೀ ವಾಸನೆ ಅಮ್ಮ. ಎಳೇ ಮೈ ತಡೆಯೋಲ್ಲ. ರಕ್ತ ಒಡೆದುಹೋಗಿ ಹಳದಿಯಾಗುತ್ತೆ. ತಾಯಿಗೆ ಗೊತ್ತಾಗಿದೆ, ಅದಕ್ಕೇ ಎತ್ತಿಕೊಂಡು ಓಡಿದೆ. ನೀವು ವಾಪಸ್ ತಂದು ಹಾಕಿದ್ದೀರಿ."

ಜಯಲಕ್ಷ್ಮಮ್ಮ ಮರಿಯ ಮೈಯಿಂದ ಸೀರೆ ಬಿಡಿಸಿ ತೆಗೆದಳು.

ಡಾಕ್ಟರು ಮರಿಯ ಮೈ ಒರೆಸಿ ಸೂಜಿಮದ್ದು ಹಾಕಿದಳು. "ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ಗೋಣಿಚೀಲದ ಮೇಲೇ ಬಿಡಿ, ಬೆಚ್ಚಗಿರಲಿ. ತಾಯಿ ಹಾಲೇ ಕುಡೀಲಿ."

ವಾಪಸ್ ಬಸ್ಸು ಹತ್ತುವಾಗ ಅವಳ ಕೈಯಲ್ಲಿ ಆ ಸೀರೆ ಇರಲಿಲ್ಲ. ಆಸ್ಪತ್ರೆಯ ಕಸದ ಡಬ್ಬಿಯಲ್ಲೇ ಬಿಟ್ಟು ಬಂದಿದ್ದಳು.

ಶನಿವಾರ ಬೆಳಗ್ಗೆ ಮರಿ ಮುಂಗಾಲಿನಿಂದ ತಾಯಿಯ ಹೊಟ್ಟೆ ಒತ್ತಿ ಒತ್ತಿ ಹಾಲು ಕುಡಿಯುತ್ತಿತ್ತು. ಒಸಡಿಗೆ ಕೆಂಪು ಬಂದಿತ್ತು. ಅದೇ ತಾಯಿ. ಅದೇ ಹಾಲು.

"ಉಳ್ಕತ್ತಲ್ಲಕ್ಕ!" ದ್ಯಾವಮ್ಮ ಹಿಗ್ಗಿದಳು. "ಗಾಳಿ ಬುಡಿಸ್ದ್ಯಾ? ಯಾರ್ ಕೈಲಿ?"

"ಮೂಲೇಲಿ ಯಾವ ಗಾಳೀನೂ ಇರ್ಲಿಲ್ಲ ಕಣ್ ದ್ಯಾವಿ," ಎಂದಳು ಜಯಲಕ್ಷ್ಮಮ್ಮ.

ಒಳಗೆ ಹೋಗಿ ಇನ್‌ಲ್ಯಾಂಡ್ ತೆಗೆದಳು. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಕೊನೆಗೂ ಬರ್ದ್ಯಾ? ಆಗಾಕಿಲ್ಲ ಅಂತ?" ಮೌನೇಶ ಕೇಳಿದ.

"ಅವ್ಳು ಕೇಳಿದ್ದಕ್ಕೆ ಉತ್ತರ ಬರ್ದೆ ಕಣಪ್ಪ."

ಅಂಚೆ ಡಬ್ಬದ ಬಾಯಲ್ಲಿ ಅವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಕಾಗದ ಒಳಗೆ ಬಿತ್ತು.

"ಭೂಮಿಕ, ನಿನ್ನ ಹಾಲಿನಲ್ಲಿ ವಿಷ ಇರಲಿಲ್ಲ ಮಗಳೇ. ನಿನ್ನ ಕೂಸು ಬದುಕಿದ್ದ ಒಂಬತ್ತು ದಿನವೂ ಅದಕ್ಕೆ ಟ್ರಂಕಿನ ಸೀರೆ ಸುತ್ತಿದವಳು ನಾನು."