ಬೊಲೋನ್ಯದಿಂದ ನಾಳೆ ಎಲ್ಲಿಗೆ?

“ನಾಳೆ ಎಲ್ಲಿಗೆ ಹೊಂಟೀರಿ?” ದಾನೇಶ್ವರಿ ಫೋನಿನಲ್ಲಿ ಇವತ್ತೂ ಅದನ್ನೇ ಕೇಳಿದಳು.

ಮಲಕಪ್ಪ ಕೈಯಲ್ಲಿದ್ದ ಚೀಟಿ ನೋಡಿಕೊಂಡ. “ಫೆರಾರಾಕ್ಕ. ಬೊಲೋನ್ಯದಿಂದ ಅರ್ಧ ತಾಸಿನ ದಾರಿ. ಊರ ಸುತ್ತ ಕೋಟಿಗ್ವಾಡಿ ಐತಂತ, ಅದರ ಮ್ಯಾಲ ಮಂದಿ ಸೈಕಲ್ ಹೊಡೀತಾರಂತ.”

“ಟಿಕೇಟು?”

“ಮೊದಲ ಬುಕ್ ಮಾಡೂದು ಬ್ಯಾಡ. ಪ್ಯಾಸೆಂಜರ್ ಗಾಡಿ, ಯಾವಾಗ ತಗೊಂಡ್ರೂ ಅದ ರೇಟು. ಆದ್ರ ಹತ್ತೂಕಿಂತ ಮೊದಲ ಪ್ಲಾಟ್‌ಫಾರ್ಮಿನ ಮಷಿನ್ನಿನಾಗ ಟಿಕೇಟಿಗೆ ಮುದ್ರಿ ಒತ್ತಿಸಬೇಕು. ಇಲ್ಲಂದ್ರ ದಂಡ.”

“ಮರೀಬ್ಯಾಡ್ರಿ ಮತ್ತ. ಹೋಗಿ ಬಂದು ಎಲ್ಲಾ ಹೇಳ್ರಿ,” ಎಂದು ಹೆಂಡತಿ ಫೋನಿಟ್ಟಳು.

ಮಲಕಪ್ಪ ಹಣೆಯ ಬೆವರು ಒರೆಸಿಕೊಂಡ. ಕಾಡುಗೋಡಿಯ ಆ ಬಾಡಿಗೆ ಕೋಣೆಗೆ ತಗಡಿನ ಮಾಡು. ಮೇ ತಿಂಗಳ ಬಿಸಿಲಿಗೆ ಒಳಗೆ ಕೂತವನು ಬೆಂದುಹೋಗುತ್ತಿದ್ದ. ಇಟಲಿ ಹಾಳಾಗಲಿ, ಅವನು ಬೆಂಗಳೂರನ್ನೇ ದಾಟಿರಲಿಲ್ಲ.

ಎಲ್ಲಾ ಆ ಫ್ಲೆಕ್ಸಿನ ಪ್ರತಾಪ. ಪೀಣ್ಯದ ಬಿಸ್ಕತ್ತು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಅವನು ಒಂಬತ್ತು ವರ್ಷದ ಫಿಟ್ಟರ್. ಕಂಪನಿ ಬೊಲೋನ್ಯದಿಂದ ಹೊಸ ಮೆಷಿನ್ ತರಿಸುತ್ತಿತ್ತು. ಅದನ್ನು ಕಲಿಯಲು ಮೂರು ವಾರ ಅಲ್ಲಿಗೆ ಹೋಗುವವನು ಮಲಕಪ್ಪನೇ ಎಂದಾಯಿತು. ವೀಸಾ ಕೈಗೆ ಬಂತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಪೀಣ್ಯದಲ್ಲೇ ಅವನಿದ್ದ ವಠಾರದ ಹದಿನಾಲ್ಕು ಮನೆಯವರು ಸೇರಿ ಗಲ್ಲಿಗೆ ಅಡ್ಡಲಾಗಿ ಫ್ಲೆಕ್ಸ್ ಕಟ್ಟಿಯೇಬಿಟ್ಟರು. ಪ್ರಿಂಟಿಂಗಿನವನು ತನ್ನದೂ ಒಂದಿರಲಿ ಎಂದು ಮಲಕಪ್ಪನಿಗೆ ತಂಪು ಕನ್ನಡಕ ಹಾಕಿಸಿ, ಪೀಸಾದ ವಾಲಿದ ಗೋಪುರದ ಪಕ್ಕ ನಿಲ್ಲಿಸಿದ್ದ. ಹೊರಡುವ ದಿನ ಹಾರಗಳ ಭಾರಕ್ಕೆ ಕತ್ತೇ ಎತ್ತಲಾಗಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಂಪನಿಯವರು ಪಾಸ್‌ಪೋರ್ಟು ಕೊಡಬೇಕಿತ್ತು. ಬಂದದ್ದು ಬರೀ ಫೋನು. ವೀಸಾ ಆಗಿಲ್ಲ. ಪುಣೆ ಶಾಖೆಯವನೊಬ್ಬ ಹೋಗುತ್ತಿದ್ದಾನೆ. ಕಲಿತು ಬಂದವನೇ ಮೆಷಿನ್ ನಡೆಸುತ್ತಾನೆ, ನೀನು ಇನ್ನು ಕೆಲಸಕ್ಕೆ ಬರುವುದು ಬೇಡ.

ಯಾವ ಮುಖ ಹೊತ್ತು ಆ ಗಲ್ಲಿಗೆ ಹೋಗುವುದು? ಅವನು ಹೋಗಲಿಲ್ಲ. ಗುರುತಿನವರು ಒಬ್ಬರೂ ಇಲ್ಲದ ಕಾಡುಗೋಡಿಗೆ ಬಂದು ರೈಲು ಹಳಿಯ ಪಕ್ಕ ಕೋಣೆ ಹಿಡಿದ.

ಸುಳ್ಳು ಹೇಳುವುದರಲ್ಲೂ ಅವನು ಫಿಟ್ಟರೇ. ಎಲ್ಲೂ ಸಂದು ಬಿಡುತ್ತಿರಲಿಲ್ಲ. ಹೊಸ ಸಿಮ್ ಕೊಂಡು, ಇದು ಕಂಪನಿ ಕೊಟ್ಟ ನಂಬರು ಅಂದ. ಇಟಲಿಯಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ಹನ್ನೊಂದೂವರೆ ಎಂದು ತಿಳಿದುಕೊಂಡು ಸರಿಯಾಗಿ ಆಗಲೇ ಎರಡು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿಯಂತೆ ಮರುಕ್ಷಣ ದಾನೇಶ್ವರಿಯ ಫೋನು ಬರುತ್ತಿತ್ತು. ಸೋಮವಾರ ಅಲ್ಲಿ ಮ್ಯೂಸಿಯಂ ಮುಚ್ಚಿರುತ್ತವೆ, ನಿಂತು ಕುಡಿದರೆ ಕಾಫಿ ಅಗ್ಗ, ಬೊಲೋನ್ಯದ ಫುಟ್‌ಪಾತಿಗೆಲ್ಲ ಮಾಡು ಇರುವುದರಿಂದ ಕೊಡೆ ಬೇಕಿಲ್ಲ. ಇವೆಲ್ಲ ಸೈಬರ್ ಸೆಂಟರಿನ ಆಂಜಿನಪ್ಪ ಇಂಟರ್ನೆಟ್ಟಿನಲ್ಲಿ ಓದಿ ಹೇಳಿದ್ದು.

“ಟೂರ್ ಹೋಗೋದು ಯಾವಾಗ ಸಾರ್?” ಎಂದು ಆಂಜಿನಪ್ಪ ಒಮ್ಮೆ ಕೇಳಿದ.

“ಆಗಲೇ ಹೋಗೀನಿ,” ಎಂದ ಮಲಕಪ್ಪ.

ಹೆಂಡತಿಯೋ ಬಿಡುವವಳಲ್ಲ. ಇವತ್ತಿನದು ಕೇಳಿ ಸುಮ್ಮನಾದರೆ ಸಾಲದೇ? ನಾಳೆಯದು ಬೇಕು. ಯಾವ ಊರು, ಯಾವ ಗಾಡಿ, ಎಷ್ಟು ಹೊತ್ತು. ಅನುಮಾನ ಬಂದಿರಬೇಕು ಎಂದು ಒಂದು ದಿನ ನಡುಗಿದ. ವಠಾರದ ಹೆಂಗಸರ ಮುಂದೆ ಜಂಬ ಕೊಚ್ಚಲು ಇರಬೇಕು ಎಂದು ಇನ್ನೊಂದು ದಿನ ಉರಿದುಕೊಂಡ. ಆದರೂ ಮೊದೆನಾಕ್ಕೆ ಹೋದ, ಪಾರ್ಮಾಕ್ಕೆ ಹೋದ, ರವೆನ್ನಾಕ್ಕೆ ಹೋದ.

ಹನ್ನೊಂದನೇ ದಿನ ಕರೆಂಟಿಲ್ಲದೆ ಸೈಬರ್ ಸೆಂಟರ್ ಮುಚ್ಚಿತ್ತು. ಗೊತ್ತಿದ್ದ ಊರುಗಳೆಲ್ಲ ಮುಗಿದಿದ್ದವು. ಇನ್ನು ಹತ್ತು ದಿನಕ್ಕೆ ಇಟಲಿಯೂ ಮುಗಿಯುತ್ತದೆ, ಆಮೇಲೆ ಕೆಲಸವಿಲ್ಲ, ಮಾನವಿಲ್ಲ. ಅವತ್ತು ಅವನು ರಿಂಗ್ ಕೊಡಲಿಲ್ಲ. ಹತ್ತಿರದ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಮುಗಿಯುವಲ್ಲಿ ಇಳಿದು ಹಳಿಯ ಗುಂಟ ನಡೆದ. ಜನ ಕಾಣದ ಕಡೆ ನಿಂತ. ಸಾಕಾಗಿತ್ತು ಅವನಿಗೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಇವತ್ತ್ಯಾಕ ಫೋನಿಲ್ಲ?” ದಾನೇಶ್ವರಿ ಕೇಳಿದಳು. ದೂರದಲ್ಲಿ ಗೂಡ್ಸ್ ಗಾಡಿ ಕೂಗಿತು. “ಅದೇನು ಸಪ್ಪಳ?”

“ರೈಲು. ಸ್ಟೇಷನ್ನಿನಾಗ ಅದೀನಿ.”

ಅವಳು ತಟ್ಟನೆ ಕೇಳಿದಳು, “ನಾಳೆ ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಊರು ಮುಗದ್ವು.”

“ಪೀಸಾ ಉಳದೈತಿ. ಫ್ಲೆಕ್ಸಿನಾಗ ಅದ ಐತಲ್ಲ. ಎಲ್ಲಿ ಗಾಡಿ ಬದಲಿ ಮಾಡ್ತೀರಿ, ಹ್ಯಾಂಗ ಹೋಗ್ತೀರಿ, ಎಲ್ಲಾ ಹೇಳೂತನಕ ನಾ ಫೋನ್ ಇಡಂಗಿಲ್ಲ.”

“ನನಗ ಗೊತ್ತಿಲ್ಲ!”

“ಯಾರ್ನರ ಕೇಳ್ರಿ. ನಡೀರಿ, ನಾ ಲೈನಿನಾಗ ಇರ್ತೀನಿ.”

ಅವನಿಗೆ ಮೈಯೆಲ್ಲ ಉರಿಯಿತು. ಇಲ್ಲಿ ಜೀವ ಹೋಗುತ್ತಿದೆ, ಇವಳಿಗೆ ಗೋಪುರದ ಚಿಂತೆ! ಆದರೂ ಕಾಲು ತಿರುಗಿದವು. ಕಿವಿಯಲ್ಲಿ ಫೋನು ಹಿಡಿದೇ ಹಳಿ ಬಿಟ್ಟು ಮೇಲೆ ಹತ್ತಿದ. ಹಿಂದೆ ಗೂಡ್ಸ್ ಗಾಡಿ ಧಡಧಡನೆ ಹಾದುಹೋಯಿತು. ಸೈಬರ್ ಸೆಂಟರಿಗೆ ಬಂದರೆ, ಕರೆಂಟು ಬಂದು ಆಂಜಿನಪ್ಪ ಬಾಗಿಲು ತೆಗೆಯುತ್ತಿದ್ದ. ಅವನು ಓದಿ ಹೇಳಿದ್ದನ್ನು ಮಲಕಪ್ಪ ಹಾಗೇ ಫೋನಿಗೆ ಒಪ್ಪಿಸಿದ:

“ಬೊಲೋನ್ಯದಿಂದ ಫ್ಲಾರೆನ್ಸ್. ಅಲ್ಲಿ ಇಳಿದು ಬ್ಯಾರೆ ಗಾಡಿ. ಅದು ಸೀದಾ ಪೀಸಾಕ್ಕ ಹೋಗತೈತಿ. ಸಾಕಾ?”

ಆ ಕಡೆ ದಾನೇಶ್ವರಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಫ್ಲಾರೆನ್ಸ್ ಬ್ಯಾಡ್ರಿ. ಮೆಜೆಸ್ಟಿಕ್ಕಿನಾಗ ಬಸ್ ಬದಲಿ ಮಾಡ್ಕೊಂಡು ಮನೀಗೆ ಬರ್ರಿ. ಫ್ಲೆಕ್ಸ್ ನಾ ಬಿಚ್ಚಿ ಹಾಕೀನಿ.”

ಮಲಕಪ್ಪ ಅಲ್ಲೇ ಬೆಂಚಿನ ಮೇಲೆ ಕೂತ. “ಯಾವಾಗಿಂದ ಗೊತ್ತು ನಿನಗ?”

“ಮೊದಲನೇ ದಿನದಿಂದ. ಮಿಸ್ ಕಾಲ್ ಕೊಟ್ರಿ, ನಾ ತಿರುಗಿ ಹಚ್ಚಿದೆ, ಹತ್ತಿತು. ಹತ್ತು ರೂಪಾಯಿ ಕರೆನ್ಸಿಲೆ ಇಟಲಿಗೆ ಫೋನ್ ಹತ್ತತೈತೇನ್ರಿ?”

“ಮತ್ತ ದಿನಾ ನಾಳೆ ಎಲ್ಲಿಗೆ, ನಾಳೆ ಎಲ್ಲಿಗೆ ಅಂತ ಯಾಕ ಜೀವ ತಿಂದಿ?”

“ಅವತ್ತು ನಿಮ್ಮ ದನಿ ಕೇಳಿ ನನ್ನ ಎದಿ ಒಡದಿತ್ರಿ, ನಾಳೆ ಎಲ್ಲಿಗಾರ ಹೋಗೂದೈತಿ ಅಂದ್ರ ಇವತ್ತೊಂದಿನ ಬದುಕಿರ್ತೀರಿ ಅಂತ ಕೇಳಿದೆ.”