ಉಪ್ಪು ಉಗುಳುವ ಹುಲ್ಲು

ಮೂರನೆಯ ಗುಂಡಿಯಲ್ಲೂ ಉಪ್ಪುನೀರೇ ಬಂತು. ಅಲಾನ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದು, ಮೇಲೆ ಹತ್ತಿ ಬಂದು ತಾಯಿಯ ಕಡೆ ನೋಡಿದ. ಹೂರಬಾಯಿ ಆಗಲೇ ಕೋಲೂರಿಕೊಂಡು ಒಣಗಿದ ಕೆರೆಯಂಗಳದ ಆಚೆ ಬದಿಗೆ ಹೊರಟಿದ್ದಳು. ಅವಳ ಹಿಂದೆ ಸೊಸೆ ಜೆನಾ.

ಕಚ್ಛದ ರಣ ಎಂಬ ಉಪ್ಪುನೆಲದ ಅಂಚಿನ ಈ ಬಯಲಿನಲ್ಲಿ ನೀರಿನ ಜಾಗ ಹೇಳುವುದು ಹೆಂಗಸರ ನಾಲಿಗೆ, ತೋಡುವುದು ಗಂಡಸರ ತೋಳು. ಬೀಡಿ ಸೇದಿ ಸೇದಿ ರುಚಿ ಕೆಡಿಸಿಕೊಂಡ ಗಂಡಸರನ್ನು ಈ ವಿಷಯದಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿಯ ಹುಲ್ಲು ಬೇರಿನಿಂದ ಉಪ್ಪುನೀರು ಹೀರಿ, ಉಪ್ಪನ್ನು ಎಲೆಯ ಮೇಲೆ ಉಗುಳಿ, ಉಳಿದದ್ದರಲ್ಲಿ ಹೇಗೋ ಜೀವ ಹಿಡಿದುಕೊಳ್ಳುತ್ತದೆ. ಎಲೆ ಸಪ್ಪೆಯಾಗಿದ್ದರೆ ಅದರ ಕೆಳಗೆ ಮಳೆಯ ಸಿಹಿನೀರು ಇನ್ನೂ ಉಳಿದಿದೆ ಎಂದು ಲೆಕ್ಕ. ಐವತ್ತು ವರ್ಷ ಹೂರಬಾಯಿಯ ಲೆಕ್ಕ ತಪ್ಪಿರಲಿಲ್ಲ. ಈಗ ಎರಡು ದಿನದಲ್ಲಿ ಮೂರು ಸಲ ತಪ್ಪಿತ್ತು. ಹತ್ತೊಂಬತ್ತು ಎಮ್ಮೆಗಳು ನೀರು ಕಾಣದೆ ಕಾಲು ಮಡಚಿ ಬಿದ್ದಿದ್ದವು.

ಮುದುಕಿ ಒಂದು ಹುಲ್ಲಿನ ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎಲೆ ಕಿತ್ತು, ಸೆರಗಿನಿಂದ ಧೂಳು ಒರೆಸಿ, ಕಣ್ಣು ಮುಚ್ಚಿಕೊಂಡು ಅಗಿದಳು. ಆಮೇಲೆ ಮಗನಿಗೆ ಕೇಳುವಂತೆ ಕೂಗಿ ಹೇಳಿದಳು, ಇಲ್ಲಿ ತೋಡು, ಸಿಹಿ ಇದೆ ಅಂತ.

ಜೆನಾಗೆ ಎರಡನೆಯ ಗುಂಡಿಯಿಂದಲೇ ಅನುಮಾನವಿತ್ತು. ಅದೇ ಬುಡದಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ನಾಲಿಗೆ ಉರಿಯುವಷ್ಟು ಉಪ್ಪು.

"ಅತ್ತೆ, ನಿಮ್ಮ ನಾಲಿಗೆ ಹೋಗಿದೆ," ಎಂದಳು ಮೆಲ್ಲಗೆ. "ಹೇಳಿಬಿಡಿ. ಇನ್ಮೇಲೆ ನಾನು ನೋಡ್ತೀನಿ."

"ನೋಡ್ತಾನೇ ಇದೀಯಲ್ಲ. ನಿನ್ನೆಯಿಂದ ನನ್ನ ಹಿಂದೆ ಕದ್ದು ಕದ್ದು ಅಗೀತಾ ಇದೀಯ. ಎಲ್ಲಾದ್ರೂ ಸಪ್ಪೆ ಸಿಕ್ತಾ?"

ಸಿಕ್ಕಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೂ ಉಪ್ಪೇ. ಅತ್ತೆಯ ನಾಲಿಗೆ ಹೋಗಿದೆ, ತನಗಿನ್ನೂ ಕಲಿಕೆ ಸಾಲದು, ಸಿಹಿನೀರು ಎಲ್ಲೋ ಇದ್ದೇ ಇದೆ ಎಂದುಕೊಂಡು ಜೆನಾ ಇಷ್ಟು ಹೊತ್ತು ಧೈರ್ಯವಾಗಿದ್ದಳು. ಅತ್ತೆಯ ನಾಲಿಗೆಗೂ ಎಲ್ಲ ಕಡೆ ಉಪ್ಪೇ ತಿಳಿದಿತ್ತು ಎಂದಾದ ಮೇಲೆ ಆ ಧೈರ್ಯವೂ ಹೋಯಿತು. ಹಾಗಾದರೆ ನಿಮ್ಮ ಮಗನಿಗೆ ಸುಳ್ಳು ಯಾಕೆ ಹೇಳುತ್ತೀರಿ, ಸುಮ್ಮನೆ ತೋಡಿಸಿ ಯಾಕೆ ಸಾಯಿಸುತ್ತೀರಿ ಎಂದು ಕೇಳಿದಳು.

ಹೂರಬಾಯಿ ಮಗನ ಕಡೆ ನೋಡಿದಳು. ಅವನು ಸಲಿಕೆ ಹೆಗಲಿಗೇರಿಸಿಕೊಂಡು ಬರುತ್ತಿದ್ದ.

"ಹೀಗೇ ಒಂದು ವರ್ಷ ನಿನ್ನ ಮಾವನಿಗೆ ನಿಜ ಹೇಳ್ದೆ, ಎಲ್ಲೂ ಇಲ್ಲ ಅಂತ. ಸಲಿಕೆ ಕೆಳಗಿಟ್ಟು ಎಮ್ಮೆಗಳ ಮಧ್ಯೆ ಹೋಗಿ ಕೂತ. ಎಮ್ಮೆ ಒಂದೊಂದೇ ಹೋದ್ವು. ಅವನೂ ಏಳಲಿಲ್ಲ." "ಇವನು ತೋಡ್ತಾ ಇರ್ಲಿ."

ಜೆನಾ ಉಗುಳಲು ಪಕ್ಕಕ್ಕೆ ತಿರುಗಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಉಗುಳಬೇಡ. ನೋಡ್ತಾ ಇದಾನೆ."

ಅಲಾನ ಬಂದು ನಿಂತ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ ನೀರಿನ ವಿಷಯಕ್ಕೆ ತಾಯಿಯನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ಅವನ ಅಂಗೈಗಳು ಒಡೆದು ರಕ್ತ ಬಂದಿತ್ತು.

"ನೀನೂ ನೋಡಿದ್ಯಾ? ಏನಿದೆ?"

ಜೆನಾ ಬಾಯಲ್ಲಿದ್ದದ್ದನ್ನು ನುಂಗಿದಳು.

"ಸಿಹಿ ಇದೆ," ಎಂದಳು.

ಅಲಾನ ಅಲ್ಲೇ ತೋಡತೊಡಗಿದ. ಸಲಿಕೆ ನೆಲ ಅಗೆಯುವ ಸದ್ದು ಕೇಳಿ, ಅದರ ಅರ್ಥ ಬಲ್ಲ ಎಮ್ಮೆಗಳು ಒಂದೊಂದೇ ಕಷ್ಟಪಟ್ಟು ಎದ್ದು, ಬಂದು ಅವನ ಸುತ್ತ ನಿಂತು ಕಾಯತೊಡಗಿದವು.