ಸೀಸವಿಲ್ಲದ ಬೆಸುಗೆ

ಟೀವಿ, ರೇಡಿಯೊ ರಿಪೇರಿ ಮಾಡುವ ನಾನು, ಬೆಸುಗೆ ತಂತಿಯಲ್ಲಿರುವ ಸೀಸ ಮೆಲ್ಲಗೆ ಏರುವ ವಿಷವೆಂದು ಎಲ್ಲೋ ಓದಿದ ದಿನವೇ ಮಹಾಜ್ಞಾನಿಯಾದೆ. ಸೀಸವಿಲ್ಲದ ತಂತಿ ತಂದೆ. ಅದು ಬೇಗ ಕರಗುತ್ತಿರಲಿಲ್ಲ, ನನ್ನ ಕೈಗೆ ಬಗ್ಗುತ್ತಲೂ ಇರಲಿಲ್ಲ. ರಿಪೇರಿಯಾದ ಸೆಟ್ಟುಗಳು ವಾರದೊಳಗೆ ವಾಪಸು ಬಂದವು. ತಂದವರಿಗೆ ಸೀಸದ ಕೆಡುಕಿನ ಬಗ್ಗೆ ಭಾಷಣ ಕೊಟ್ಟು ಕಳಿಸಿದೆ. ಹಳೆಯ ತಂತಿಯ ಸುರುಳಿಗಳನ್ನೆಲ್ಲ ಹೆಂಡತಿಯ ಕೈಗೆ ಕೊಟ್ಟು, ದೂರ ಎಸೆದು ಸೋಪು ಹಾಕಿ ಕೈ ತೊಳೆದುಕೋ ಎಂದಿದ್ದೆ.

ಇವತ್ತು ಊಟಕ್ಕೆ ಕೂತಾಗ ಅದು ನೆನಪಾಯಿತು. ಲೋಟದಲ್ಲಿದ್ದ ಹುಣಸೆಹಣ್ಣಿನ ಸಾರನ್ನು ಸೊರ್ರನೆ ಕುಡಿದು ಕೇಳಿದೆ.

"ಆ ಹಳೇ ತಂತಿ ಎಸೆದ್ಯಾ?"

"ಅಷ್ಟು ಒಳ್ಳೇ ಮಾಲನ್ನ ಯಾರಾದ್ರೂ ಎಸೀತಾರೇನ್ರೀ?"

"ಮತ್ತೆ ಏನ್ಮಾಡ್ದೆ?"

"ಸಾರು ಮಾಡೋ ಹಿತ್ತಾಳೆ ಪಾತ್ರೆ ಕಲಾಯಿ ಹೋಗಿತ್ತಲ್ಲ, ಬೀದೀಲಿ ಕಲಾಯಿಯವನು ಬಂದಾಗ ಕೊಟ್ಟೆ. ಅದನ್ನೇ ಕರಗಿಸಿ ಒಳಗೆಲ್ಲ ಬಳಿದ, ಕನ್ನಡಿ ಥರ ಹೊಳೀತಿದೆ," ಎಂದು ಅವಳು ಇನ್ನೊಂದು ಸೌಟು ಬಡಿಸಿದಳು. "ಅದಕ್ಕೇ ಇರ್ಬೇಕು, ಒಂದು ತಿಂಗಳಿಂದ ನೀವು ಸಾರು ರುಚಿ, ಸಾರು ರುಚಿ ಅಂತ ಲೋಟಗಟ್ಟಲೆ ಕುಡೀತಿರೋದು."